ಉಳುಕಿಗೆ ಮೂರು ದಿನ

ಜ್ವರ ಬಂದರೆ ಡಾಕ್ಟರ ಬಳಿಗೆ ಹೋಗೆನ್ನುವವರು, ಹಲ್ಲು ನೋಯುತ್ತದೆಂದರೆ ದಂತವೈದ್ಯರ ವಿಳಾಸ ಬರೆದುಕೊಡುವವರು, ಉಳುಕು ಎಂದೊಡನೆ ತಾವೇ ವೈದ್ಯರಾಗಿಬಿಡುತ್ತಾರೆ. ಉಳುಕಿಗೆ ಮದ್ದು ತಿಳಿಯದ ಮನುಷ್ಯನನ್ನು ನಮ್ಮ ಸೀಮೆಯಲ್ಲಿ ನಾನು ಇನ್ನೂ ಕಂಡಿಲ್ಲ. ಕುತ್ತಿಗೆ ಉಳುಕಿದೆಯೆಂದರೆ ಒಬ್ಬರು ದಿಂಬನ್ನು ಬಿಸಿಲಿಗೆ ಹಾಕೆನ್ನುತ್ತಾರೆ. ಉಳುಕಿದ್ದು ಕುತ್ತಿಗೆ, ಚಿಕಿತ್ಸೆ ದಿಂಬಿಗೆ! ಇನ್ನೊಬ್ಬರು ಎಕ್ಕದ ಎಲೆಗೆ ಹರಳೆಣ್ಣೆ ಸವರಿ, ಬಿಸಿ ಮಾಡಿ ಕಟ್ಟೆನ್ನುತ್ತಾರೆ. ಮತ್ತೊಬ್ಬರದು ಹುರಿದ ಉಪ್ಪಿನ ಗಂಟಿನ ಶಾಖ. ನಾಲ್ಕನೆಯವರು ಮಾತೇ ಆಡದೆ ಅಂಗಿಯ ತೋಳನ್ನು ಮಡಿಸಿಕೊಂಡು, "ಎಲ್ಲಿ, ತೋರಿಸಿ" ಎಂದು ಹತ್ತಿರ ಬರುತ್ತಾರೆ. ಕಂಡ ಕೂಡಲೆ ಓಡಬೇಕಾದದ್ದು ಈ ನಾಲ್ಕನೆಯವರಿಂದ. ಆದರೆ ಓಡುವ ಸ್ಥಿತಿಯಲ್ಲಿದ್ದವನಿಗೆ ಉಳುಕಿನ ಮಾತೇಕೆ?

ಮೂಳೆ ಮುರಿದರೆ ನಮ್ಮ ಜನ ಆಂಧ್ರದ ಪುತ್ತೂರಿನ ಕಟ್ಟನ್ನು ನೆನೆಯುತ್ತಿದ್ದರು. ದಕ್ಷಿಣ ಕನ್ನಡದ ಪುತ್ತೂರಲ್ಲ, ಅದು ಬೇರೆ. ಉಳುಕಿಗೆ ಮಾತ್ರ ಯಾರೂ ಅಷ್ಟು ದೂರ ಹೋದವರಲ್ಲ. ಅದು ಮನೆಯಲ್ಲೇ ಹುಟ್ಟಿ ಮನೆಯಲ್ಲೇ ಮುಗಿಯಬೇಕಾದ ಸಂಕಟ. ಮನೆಯೆಂದ ಮೇಲೆ ಅಲ್ಲಿ ಒಲೆಯಿದೆ, ನೀರಿದೆ, ಮಕ್ಕಳಿವೆ, ಎತ್ತಬೇಕಾದದ್ದು ಇಳಿಸಬೇಕಾದದ್ದು ನೂರಿದೆ. ಈ ಗೃಹವೈದ್ಯದಲ್ಲಿ ಮದ್ದಿಗಿಂತ ಕಷ್ಟವಾದದ್ದು ಇನ್ನೊಂದಿದೆಯೆಂಬುದು ನನಗೆ ಗೊತ್ತಾದದ್ದು ಕಳೆದ ವರ್ಷ, ನಮ್ಮ ತಾಯಿಯವರ ಸೊಂಟ ಹಿಡಿದುಕೊಂಡಾಗ. ಅಲ್ಲಿಗೆ ಬರುವ ಮೊದಲು ಉಳುಕೆಂದರೇನೆಂಬುದನ್ನು ತುಸು ವಿಚಾರಿಸಬೇಕು.

ಉಳುಕು ಅಚ್ಚಗನ್ನಡದ ಮಾತು. ಆದರೆ ಒಂದೇ ಮಾತಿನೊಳಗೆ ಎರಡು ಪೆಟ್ಟುಗಳನ್ನು ಅಡಗಿಸಿಟ್ಟಿದ್ದೇವೆ. ಮೆಟ್ಟಿಲು ತಪ್ಪಿ ಪಾದ ಹೊರಳಿದಾಗ ನೋಯುವುದು ಬಹುಮಟ್ಟಿಗೆ ಮೂಳೆಯನ್ನು ಮೂಳೆಗೆ ಬಿಗಿದಿರುವ ಕಟ್ಟು, ಅಸ್ಥಿಬಂಧ. ಭಾರವೆತ್ತುವಾಗ, ಥಟ್ಟನೆ ಓಡಲು ಹೊರಟಾಗ ಚಳುಕು ಹೊಡೆದು ನೋಯುವುದು ಮಾಂಸಖಂಡ, ಅಂದರೆ ಸ್ನಾಯು. ಜನ ಎರಡನ್ನೂ ಬಿಟ್ಟು ಮೂರನೆಯದಾದ ನರದ ಮೇಲೆ ತಪ್ಪು ಹೊರಿಸುತ್ತಾರೆ: "ನರದ ಮೇಲೆ ನರ ಹತ್ತಿಕೊಂಡಿದೆ." ನರಗಳು ಹಾಗೆ ಒಂದರ ಬೆನ್ನನ್ನೊಂದು ಏರುವುದಿಲ್ಲ. ಶಬ್ದಗಳ ವಿಷಯದಲ್ಲಿ ಪಂಡಿತರೂ ಇದಕ್ಕಿಂತ ಮೇಲಲ್ಲ. ಆಯುರ್ವೇದದ ಹಳೆಯ ಗ್ರಂಥಗಳಲ್ಲಿ ಸ್ನಾಯುವೆಂದರೆ ಬಿಗಿಯುವ ನಾರು, ಮಾಂಸದ ಖಂಡಕ್ಕೆ ಪೇಶಿಯೆಂದು ಹೆಸರು. ನಮ್ಮ ಈಗಿನ ಪಾಠಪುಸ್ತಕಗಳಲ್ಲಿ ಸ್ನಾಯುವೇ ಮಾಂಸಖಂಡ. ಕಾಲಿನ ಹಿಂಬದಿಯ ಖಂಡಕ್ಕೆ ಮೀನಖಂಡವೆಂದು ಹೆಸರಿಟ್ಟವನು ಮಾತ್ರ ಕಣ್ಣುಳ್ಳವನಾಗಿದ್ದಿರಬೇಕು. ಇಂಗ್ಲಿಷಿನ 'ಮಸಲ್' ಎಂಬುದರ ಮೂಲ ಲ್ಯಾಟಿನ್ನಿನ ಒಂದು ಪದ, ಅದರ ಅರ್ಥ ಚಿಕ್ಕ ಇಲಿ. ಚರ್ಮದಡಿ ಹೊರಳುವ ಖಂಡ ಅವರ ಕಣ್ಣಿಗೆ ಇಲಿಯಾಯಿತು, ನಮ್ಮ ಕಣ್ಣಿಗೆ ಮೀನಾಯಿತು.

ಈ ಮೀನೋ ಇಲಿಯೋ ಸೂಕ್ಷ್ಮವಾದ ಎಳೆಗಳ ಒಂದು ದಪ್ಪ ಹುರಿ. ಅದು ಕುಗ್ಗಿ ಬಲವನ್ನು ತೋರುತ್ತಿರುವ ಹೊತ್ತಿನಲ್ಲೇ ಭಾರವು ಅದನ್ನು ಹಿಗ್ಗಿಸಿ ಎಳೆಯಿತೆಂದರೆ ಕೆಲವು ಎಳೆಗಳು ಹರಿಯುತ್ತವೆ. ಕೆಲವೇ ಹರಿದರೆ ಒಂದೆರಡು ಮೂರು ವಾರಗಳ ನೋವು. ಹೆಚ್ಚು ಹರಿದರೆ ಊತ, ಕಂದು, ಹಲವು ವಾರಗಳ ಕುಂಟು. ಪೂರ್ತಿ ಹರಿದರೆ ತಿಂಗಳುಗಳ ಮಾತು, ಕೆಲವೊಮ್ಮೆ ಶಸ್ತ್ರಚಿಕಿತ್ಸೆಯೂ ಬೇಕಾಗಬಹುದು. ಹರಿದಲ್ಲಿ ರಕ್ತ ಒಸರುತ್ತದೆ. ಕೆಟ್ಟದ್ದನ್ನು ಗುಡಿಸಲು ರಕ್ತದ ಕಣಗಳು ಓಡಿಬರುತ್ತವೆ. ಆಮೇಲೆ ಎಳೆಯ ಮಗ್ಗುಲಲ್ಲೇ ನಿದ್ರಿಸುತ್ತಿದ್ದ ಪುಟ್ಟ ಕೋಶಗಳು ಎಚ್ಚೆತ್ತು ಹೊಸ ಎಳೆಯನ್ನು ನೇಯಲು ತೊಡಗುತ್ತವೆ. ಕಪ್ಪೆಯ ಸ್ನಾಯುವನ್ನು ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ ಈ ಕೋಶಗಳನ್ನು ಗುರುತಿಸಿ ಬರೆದವನು ಅಲೆಕ್ಸಾಂಡರ್ ಮೌರೋ, 1961ರಲ್ಲಿ. ಇಷ್ಟು ತಿಳಿದರೆ ಆ ನಾಲ್ಕನೆಯವರಿಂದ ಏಕೆ ಓಡಬೇಕೆಂಬುದು ಹೊಳೆಯುತ್ತದೆ. ಮೊದಲ ಎರಡು ಮೂರು ದಿನ ಒಳಗೆ ರಕ್ತ ಒಸರುವ ಜಾಗವನ್ನು ಎಣ್ಣೆ ಹಚ್ಚಿ ನೀವುವುದು, ತಿಕ್ಕುವುದು, ನೆಟಿಗೆ ಮುರಿಯುವಂತೆ ಎಳೆಯುವುದು ಆಗತಾನೆ ಕಟ್ಟಿದ ಗೂಡನ್ನು ಕೋಲಿನಿಂದ ಕೆದಕಿದಂತೆ. ಬಿಸಿಯ ಶಾಖವೂ ಆ ದಿನಗಳಲ್ಲಿ ಬೇಡವೆನ್ನುತ್ತಾರೆ. ಹುರಿದ ಉಪ್ಪಿನ ಗಂಟಿಗೆ ಅದರದೇ ಆದ ಕಾಲವಿದೆ. ಊತವಿಳಿದು ಬಿಗಿತ ಮಾತ್ರ ಉಳಿದಾಗ ಅದರಷ್ಟು ಹಿತವಾದದ್ದು ಬೇರೊಂದಿಲ್ಲ.

ಡಾಕ್ಟರುಗಳ ಉಪದೇಶವಾದರೂ ಒಂದೇ ಸಮನೆ ನಿಂತಿದೆಯೆ? ಅಮೆರಿಕದ ಗೇಬ್ ಮಿರ್ಕಿನ್ ಎಂಬ ವೈದ್ಯರು 1978ರಲ್ಲಿ ಆಟಗಾರರಿಗಾಗಿ ಬರೆದ ಪುಸ್ತಕದಲ್ಲಿ ನಾಲ್ಕು ಮಾತು ಹೇಳಿದರು: ವಿಶ್ರಾಂತಿ, ಮಂಜುಗಡ್ಡೆ, ಬಿಗಿಪಟ್ಟಿ, ಅಂಗವನ್ನು ಎತ್ತರದಲ್ಲಿಡುವುದು. ಆ ನಾಲ್ಕರ ಇಂಗ್ಲಿಷ್ ಮೊದಲಕ್ಷರಗಳನ್ನು ಕೂಡಿಸಿದರೆ ಅಕ್ಕಿಯೆಂಬ ಅರ್ಥದ 'ರೈಸ್' ಆಗುತ್ತದೆ. ಲೋಕವೆಲ್ಲ ಅದನ್ನು ಬಾಯಿಪಾಠ ಮಾಡಿತು. 2014ರಲ್ಲಿ ಅದೇ ಮಿರ್ಕಿನ್, ಮಂಜುಗಡ್ಡೆಯೂ ಸಂಪೂರ್ಣ ವಿಶ್ರಾಂತಿಯೂ ಗಾಯ ಮಾಯುವುದನ್ನು ತಡಮಾಡಬಹುದೆಂದು ಬರೆದರು. 2019ರ ಹೊತ್ತಿಗೆ ಬೇರೆ ಇಬ್ಬರು ಬಂದು ಶಾಂತಿ, ಪ್ರೀತಿ ಎಂಬ ಎರಡು ಶಬ್ದಗಳ ಅಕ್ಷರಗಳಲ್ಲಿ ಹೊಸ ಸೂತ್ರವನ್ನು ಹೆಣೆದರು. ಅದರಲ್ಲಿ ಮಂಜುಗಡ್ಡೆಗೆ ಜಾಗವಿಲ್ಲ. ನನಗೆ ತೋರುವ ಮಟ್ಟಿಗೆ, ತಣ್ಣನೆಯದು ನೋವನ್ನು ಮರೆಸುತ್ತದೆ. ಅಷ್ಟಕ್ಕೆ ಅದನ್ನು ಬಳಸಿದರೆ ಯಾರ ಗಂಟೂ ಹೋಗುವುದಿಲ್ಲ. ಬಟ್ಟೆ ಸುತ್ತದೆ ಇಡಬಾರದು, ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಇಡಬಾರದು, ಚರ್ಮ ಸುಟ್ಟಂತಾಗುತ್ತದೆ.

ಇನ್ನು ಮುಲಾಮು. 1893ರಿಂದ ಅಮೃತಾಂಜನದ ಡಬ್ಬಿ ನಮ್ಮ ದೇಶದ ಗೂಡುಗಳಲ್ಲಿ ಕುಳಿತಿದೆ. ಅದರಂಥ ಮುಲಾಮುಗಳ ಮೆಂಥಾಲ್ ಚರ್ಮದಲ್ಲಿ ಚಳಿಯನ್ನು ಅರಿಯುವ ದ್ವಾರಗಳನ್ನೇ ಬಡಿಯುತ್ತದೆ; ಶಾಖ ಸ್ಪರ್ಶಗಳನ್ನು ದೇಹ ಅರಿಯುವ ಬಗೆಯನ್ನು ಕಂಡುಹಿಡಿದದ್ದಕ್ಕೆ 2021ರ ನೊಬೆಲ್ ಪಾರಿತೋಷಕ ಬಂತು. ಹರಿದ ಎಳೆ ಅದರಿಂದ ಕೂಡಿಕೊಳ್ಳುವುದೆಂದಲ್ಲ. ಮಿದುಳಿಗೆ ನೋವಿನ ಸುದ್ದಿಯ ಜೊತೆಗೆ ತಂಪಿನ ಸುದ್ದಿಯೂ ಹೋಗುತ್ತದೆ, ನೋವಿನ ದನಿ ತಗ್ಗುತ್ತದೆ. ಸುಣ್ಣ ಅರಿಶಿನದ ಪಟ್ಟಿನ ಕಥೆ ಇನ್ನೂ ಚೆಲುವು. ಹಳದಿಗೆ ಬಿಳಿ ಬೆರೆತು ಕೆಂಪಾಗುವ ಆ ಬಣ್ಣ, ಕ್ಷಾರ ತಾಗಿದ ಅರಿಶಿನದ ಗುಣ. ಸುಣ್ಣ ಹೆಚ್ಚಾದರೆ ಚರ್ಮ ಬೇಯುತ್ತದೆ. ಒಣಗಿದ ಮೇಲೆ ಅದು ಬಿಗಿದು ಹಿಡಿದು, ಅಂಗವನ್ನು ಅಲುಗಿಸಬೇಡವೆಂದು ನೆನಪಿಸುತ್ತಿರುತ್ತದೆ. ಅದರ ಮುಖ್ಯವಾದ ಉಪಯೋಗವನ್ನು ಮುಂದೆ ಹೇಳುತ್ತೇನೆ.

ನಮ್ಮ ಕಾಲೇಜಿನಲ್ಲಿ ವರ್ಷಕ್ಕೊಮ್ಮೆ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಕ್ರಿಕೆಟ್ ಪಂದ್ಯ. ಇತಿಹಾಸದ ಅಧ್ಯಾಪಕ ಮಿತ್ರರೊಬ್ಬರು, ನಲವತ್ತೈದು ದಾಟಿದವರು, ಒಂದು ಓಟಕ್ಕೆಂದು ಚಿಮ್ಮಿದವರು ಎರಡೇ ಹೆಜ್ಜೆಗೆ ನಿಂತು ಹಿಂದಿರುಗಿ, "ಯಾರು ಕಲ್ಲು ಹೊಡೆದವರು?" ಎಂದು ಗದರಿದರು. ಕಲ್ಲು ಹೊಡೆದವರು ಯಾರೂ ಇರಲಿಲ್ಲ. ಮೀನಖಂಡ ಹರಿದಾಗ ಹಿಂದಿನಿಂದ ಕಲ್ಲು ಬಡಿದಂತೆ ಅನುಭವವಾಗುವುದು ಪ್ರಸಿದ್ಧವಾದ ಲಕ್ಷಣ. ಇದಕ್ಕೆ ವೈದ್ಯರು 'ಟೆನಿಸ್ ಕಾಲು' ಎಂದು ಹೆಸರಿಟ್ಟಿದ್ದಾರೆ. ಟೆನಿಸ್ ಬ್ಯಾಟನ್ನು ಆಜನ್ಮ ಮುಟ್ಟದ ಮಿತ್ರರಿಗೆ ಆ ಬಿರುದು ಬಂತು. ಹಿಮ್ಮಡಿಯ ಮೇಲಣ ದಪ್ಪ ನಾರು ಹರಿದಿಲ್ಲವೆಂದು ಡಾಕ್ಟರು ಪರೀಕ್ಷಿಸಿ ಖಚಿತಮಾಡಿಕೊಂಡ ಮೇಲೆ ಅವರು ಮನೆ ಸೇರಿದರು.

ನೋಡಿಬರಲು ಹೋದೆ. ಮಿತ್ರರು ಒರಗುಕುರ್ಚಿಯಲ್ಲಿ ಕಾಲನ್ನು ಎರಡು ದಿಂಬುಗಳ ಮೇಲಿಟ್ಟು ಮಂಡಿಸಿದ್ದರು. ಮೀನಖಂಡದ ಕೆಳಗೆ ಟವಲಿನಲ್ಲಿ ಸುತ್ತಿದ ಹಿದುಕಿದ ಅವರೆಬೇಳೆಯ ಚೀಲ. ಸುಗ್ಗಿಯಲ್ಲಿ ಸುಲಿದು ಫ್ರಿಜ್ಜಿನಲ್ಲಿ ಗಡ್ಡೆಗಟ್ಟಿಸಿದ್ದು. ಮಂಜುಗಡ್ಡೆಗಿಂತ ಕಾಲಿಗೆ ಚೆನ್ನಾಗಿ ಅಂಟಿಕೊಳ್ಳುತ್ತದೆಯಂತೆ. ಒಬ್ಬ ಮಗಳು ಪತ್ರಿಕೆ ಓದುತ್ತಿದ್ದಳು, ಇನ್ನೊಬ್ಬಳು ಕಾಫಿ ತಂದಳು. ಮಿತ್ರರ ಪತ್ನಿ, "ಎರಡು ದಿನದಿಂದ ಬಾಗಿಲಿಗೂ ಎದ್ದು ಹೋಗೋದಕ್ಕೆ ಬಿಟ್ಟಿಲ್ಲ" ಎಂದು ಅಭಿಮಾನದಿಂದ ಹೇಳಿದರು. ಮೂರು ವಾರದ ಹೊತ್ತಿಗೆ ಮಿತ್ರರು ಕಾಲೇಜಿನ ಮೆಟ್ಟಿಲನ್ನು ಹತ್ತಿದರು. ಅವರೆಬೇಳೆ ಏನಾಯಿತೆಂದು ನಾನು ಕೇಳಲಿಲ್ಲ. ಅವರ ಮನೆಯಲ್ಲಿ ಊಟಕ್ಕೆ ಕರೆದಾಗ ಸಾರಿನ ಪಾತ್ರೆಯನ್ನು ನೋಡಿ ನೆನಪಾಯಿತು, ಅಷ್ಟೆ.

ಇದಾದ ತಿಂಗಳಿಗೆ ನಮ್ಮ ತಾಯಿಯವರ ಸರದಿ. ನಮ್ಮ ಊರಿನಲ್ಲಿ ನಲ್ಲಿಯ ನೀರು ಮೂರು ದಿನಕ್ಕೊಮ್ಮೆ. ಬಂದರೂ ಮೇಲಕ್ಕೇರುವಷ್ಟು ಒತ್ತಡವಿಲ್ಲ. ಮನೆಯ ಮುಂದೆ ಗುಂಡಿ ತೋಡಿ ನಲ್ಲಿಯನ್ನು ಕೆಳಗಿಳಿಸಿದೆ. ಆ ಗುಂಡಿಗೆ ಬಗ್ಗಿ, ತುಂಬಿದ ಬಿಂದಿಗೆಯನ್ನು ಎತ್ತಿ, ನಡುವನ್ನು ತಿರುಗಿಸಿ ಸೊಂಟಕ್ಕಿಟ್ಟುಕೊಳ್ಳಬೇಕು. ಹದಿನೈದು ಲೀಟರಿನ ಬಿಂದಿಗೆಯೆಂದರೆ ನೀರೇ ಹದಿನೈದು ಕಿಲೋ. ಬಗ್ಗುವುದು, ಎತ್ತುವುದು, ತಿರುಗುವುದು: ಸೊಂಟದ ಸ್ನಾಯುವನ್ನು ಕೆಡಿಸಲು ಇದಕ್ಕಿಂತ ಒಳ್ಳೆಯ ವ್ಯಾಯಾಮವನ್ನು ಯಾರೂ ಕಲ್ಪಿಸಲಾರರು. ಅರವತ್ತಮೂರರ ತಾಯಿ ಹದಿನಾಲ್ಕನೆಯ ಬಿಂದಿಗೆಯನ್ನು ಎತ್ತಿದಾಗ ಚಳುಕು ಹೊಡೆಯಿತು. ಹದಿನೈದು, ಹದಿನಾರು, ಹದಿನೇಳನ್ನೂ ತುಂಬಿಸಿದ ಮೇಲೆಯೇ ಅವರು ಒಳಗೆ ಬಂದು ಗೋಡೆ ಹಿಡಿದು ನಿಂತದ್ದು. ಏಕೆಂದು ನನ್ನಾಕೆ ಕೇಳಿದರೆ ಉತ್ತರ ಸಿದ್ಧವಾಗಿತ್ತು: "ನೀರು ನಿಂತು ಹೋಗ್ತಿತ್ತಲ್ಲೇ."

ಡಾಕ್ಟರು ಬಹಳ ತಾಳ್ಮೆಯಿಂದ ನೋಡಿದರು. ಕಾಲು ಜೋಮು ಹಿಡಿಯುತ್ತದೆಯೆ, ಬಲ ಕುಗ್ಗಿದೆಯೆ, ಮೂತ್ರ ಕಟ್ಟುತ್ತದೆಯೆ ಅಥವಾ ತಡೆಯಲಾಗದೆ ಹೋಗುತ್ತದೆಯೆ, ಜ್ವರವಿದೆಯೆ ಎಂದು ವಿಚಾರಿಸಿದರು. ಇವುಗಳಲ್ಲಿ ಯಾವುದಿದ್ದರೂ ಮನೆಮದ್ದಿನ ಮಾತು ಅಲ್ಲಿಗೆ ಮುಗಿಯಿತೆಂದು ತಿಳಿಯಬೇಕು. ಯಾವುದೂ ಇರಲಿಲ್ಲ. ಸ್ನಾಯುವಿನ ಉಳುಕು, ಎಕ್ಸ್‌ರೇ ಬೇಡ, ನೋವಿಗೆ ಮಾತ್ರೆ. ಮಲಗಿಯೇ ಇರಬೇಡಿ, ನಿಧಾನವಾಗಿ ಓಡಾಡಿ, ಭಾರವನ್ನು ಮಾತ್ರ ಎತ್ತಬೇಡಿ ಎಂದರು. ಈ ಉಪದೇಶದ ಹಿಂದೆ ಒಳ್ಳೆಯ ಆಧಾರವಿದೆ. 1986ರಲ್ಲಿ ಅಮೆರಿಕದಲ್ಲಿ ಸೊಂಟನೋವಿನ ಇನ್ನೂರಕ್ಕೂ ಹೆಚ್ಚು ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಎರಡು ದಿನ, ಇನ್ನೊಂದಕ್ಕೆ ಏಳು ದಿನ ಮಲಗಲು ಹೇಳಿದರು. ಎರಡು ದಿನದವರು ಕೆಲಸಕ್ಕೆ ತಪ್ಪಿಸಿಕೊಂಡ ದಿನಗಳು ಶೇಕಡಾ 45ರಷ್ಟು ಕಡಿಮೆ. 1995ರಲ್ಲಿ ಹೆಲ್ಸಿಂಕಿ ನಗರದ ನೌಕರರ ಮೇಲೆ ನಡೆದ ಪರೀಕ್ಷೆಯಲ್ಲಿ ಹಾಸಿಗೆ ಹಿಡಿದವರಿಗಿಂತಲೂ, ವಿಶೇಷ ವ್ಯಾಯಾಮ ಮಾಡಿದವರಿಗಿಂತಲೂ, ನೋವು ಬಿಟ್ಟಷ್ಟು ಮಟ್ಟಿಗೆ ದಿನದ ಕೆಲಸ ಮಾಡಿಕೊಂಡಿದ್ದವರೇ ಬೇಗ ಚೇತರಿಸಿಕೊಂಡರು.

ನೋವು ಬಿಟ್ಟಷ್ಟು ಮಟ್ಟಿಗೆ! ಈ ಮಾತನ್ನು ನಾನು ಮತ್ತೆ ಮತ್ತೆ ಓದಿದೆ. ಹೆಲ್ಸಿಂಕಿಯ ನೌಕರನ ಕೆಲಸಕ್ಕೆ ಅವನ ನೋವು ಎಲ್ಲೆ ಹಾಕಬಲ್ಲುದು. ನಮ್ಮ ತಾಯಿಯವರ ಕೆಲಸಕ್ಕೆ ಎಲ್ಲೆ ಹಾಕುವುದು ನೀರು ನಿಲ್ಲುವ ಹೊತ್ತು, ಹಾಲು ಉಕ್ಕುವ ಹೊತ್ತು, ಮೊಮ್ಮಗ ಎತ್ತಿಕೋ ಎಂದು ಅಳುವ ಹೊತ್ತು. ಡಾಕ್ಟರ ಬಳಿಯಿಂದ ಬಂದ ಸಂಜೆಯೇ ಅವರು ರುಬ್ಬಿದ ಹಿಟ್ಟಿನ ಪಾತ್ರೆಯನ್ನು ಎತ್ತಿಡುತ್ತಿದ್ದರು. ನನ್ನಾಕೆ ಕಸಿದುಕೊಂಡರೆ, "ಡಾಕ್ಟರೇ ಓಡಾಡಿ ಅಂದಿಲ್ಲವೇನೇ?" ವೈದ್ಯಶಾಸ್ತ್ರದ ಅತ್ಯಾಧುನಿಕ ಸಿದ್ಧಾಂತ ನಮ್ಮ ಅಡಿಗೆಮನೆಯಲ್ಲಿ ಹೀಗೆ ದುಡಿಮೆಯ ಆಜ್ಞೆಯಾಯಿತು. ಮಿತ್ರರ ಕಾಲನ್ನು ದಿಂಬಿನ ಮೇಲಿಡಲು ಮನೆಯ ನಾಲ್ವರು ಹೆಂಗಸರಿದ್ದರು. ಆ ನಾಲ್ವರಲ್ಲಿ ಒಬ್ಬರಿಗೆ ಉಳುಕಿದ್ದರೆ ದಿಂಬು ಹಿಡಿಯುವವರು ಯಾರು ಎಂಬ ಪ್ರಶ್ನೆ ನನಗೆ ಆಗ ಬಂತು.

ನೀರು ಬರುವ ದಿನ ನಾನು ಗುಂಡಿಗಿಳಿದೆ. ತಾಯಿ ಬಾಗಿಲಲ್ಲಿ ನಿಂತು ದನಿ ತಗ್ಗಿಸಿ, "ಬಿಡೋ, ಮೇಷ್ಟರಾದವನು ಬೀದೀಲಿ ಬಿಂದಿಗೆ ಹೊತ್ತರೆ ನೋಡಿದೋರು ಏನಂದಾರು? ಸೊಸೆ ಇದ್ದೂ ಮಗನ ಕೈಲಿ ನೀರು ಹೊರಿಸ್ತಾಳೆ ಅಂತ ಅವಳ್ನೇ ಅನ್ನೋದು" ಎಂದರು. ಅವರ ಭಯ ನಿರಾಧಾರವಲ್ಲ. ಎದುರು ಮನೆಯ ಕಿಟಕಿ ಆಗಲೇ ತೆರೆದಿತ್ತು. ನಾಲ್ಕು ಬಿಂದಿಗೆಗಳ ಹೊತ್ತಿಗೆ ಅವರೇ ಬಂದು ಐದನೆಯದರ ಕುತ್ತಿಗೆಗೆ ಕೈ ಹಾಕಿದರು. ಮಗನ ಮಾತು, ಸೊಸೆಯ ಮಾತು, ಡಾಕ್ಟರ ಮಾತು ಯಾವುದೂ ಅಲ್ಲಿ ನಡೆಯಲಿಲ್ಲ.

ನಡೆದದ್ದು ಅಂಚೆ ತಾತನ ಕಾಲು. ನಮ್ಮ ಬೀದಿಯ ಕೊನೆಯಲ್ಲಿ ಅಂಚೆ ಇಲಾಖೆಯಿಂದ ನಿವೃತ್ತರಾದ ಎಂಬತ್ತು ದಾಟಿದ ವೃದ್ಧರೊಬ್ಬರಿದ್ದಾರೆ. ಹುಟ್ಟುವಾಗ ಅವರ ಕಾಲು ಮುಂದಾಗಿ ಬಂದಿತ್ತಂತೆ. ಹಾಗೆ ಹುಟ್ಟಿದವರು ಕಾಲಿನಿಂದ ತಾಗಿಸಿದರೆ ಸೊಂಟದ ಉಳುಕು ಹೋಗುತ್ತದೆಂಬ ನಂಬಿಕೆ ನಮ್ಮಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ತಾಯಿಯೇ ಹೇಳಿಕಳುಹಿಸಿದರು. ನಾನು ಅಡ್ಡಿ ಮಾಡಲಿಲ್ಲ. ಒದೆತವೇನಾದರೂ ಜೋರಾದರೆ ತಡೆಯೋಣವೆಂದು ಪಕ್ಕದಲ್ಲಿ ನಿಂತೆ.

ತಾತ ಕೋಲೂರಿಕೊಂಡು ಬಂದರು. ಕಾಲು ತೊಳೆದುಕೊಂಡರು. ಚಾಪೆಯ ಮೇಲೆ ಬೋರಲಾಗಿ ಮಲಗಿದ್ದ ತಾಯಿಗೆ ಮೊದಲು ಕೈಮುಗಿದು, "ಹೆಣ್ಣುಮಗಳಿಗೆ ಕಾಲು ಸೋಕಿಸ್ತಾ ಇದೀನಿ, ತಪ್ಪು ತಿಳೀಬೇಡ ತಂಗೀ" ಎಂದರು. ಗೋಡೆಯನ್ನು ಹಿಡಿದುಕೊಂಡು ನಡುಗುವ ಬಲಗಾಲನ್ನು ಮೂರು ಸಲ ಸೊಂಟಕ್ಕೆ ತಾಗಿಸಿದರು. ಅದನ್ನು ಒದೆತವೆನ್ನುವುದು ಒದೆತಕ್ಕೆ ಅವಮಾನ, ಬೆಕ್ಕು ದಾಟಿಹೋದಂತಿತ್ತು. ಆಮೇಲೆ ಕೋಲನ್ನು ನೆಲಕ್ಕೆ ಕುಟ್ಟಿ, ಕಂತು ಕಟ್ಟದವರಿಗೆ ಹೇಳುವ ದನಿಯಲ್ಲಿ ಹೇಳಿದರು: "ಇನ್ನು ಮೂರು ದಿನ ಬಗ್ಗೋ ಹಾಗಿಲ್ಲ. ಬಿಂದಿಗೆ ಮುಟ್ಟೋ ಹಾಗಿಲ್ಲ. ಕೂಸನ್ನ ಎತ್ತಿಕೊಳ್ಳೋ ಹಾಗಿಲ್ಲ. ನಡೀಬಹುದು, ಕೂರಬಹುದು, ಮಲಗಬಹುದು. ಮುಟ್ಟಿದೆಯೋ, ನನ್ನ ಕಾಲಿನ ಗುಣ ಹೋಯ್ತು. ಇನ್ನೊಂದು ಸಲ ಕರೆದರೆ ನಾನು ಬರೋದಿಲ್ಲ."

ಡಾಕ್ಟರು ಹೇಳಿದ್ದಕ್ಕೂ ತಾತ ಹೇಳಿದ್ದಕ್ಕೂ ಅಕ್ಷರದ ವ್ಯತ್ಯಾಸವಿಲ್ಲವೆಂದು ನೋಡಿ ಬೆರಗಾದೆ. ಆದರೆ ಡಾಕ್ಟರದು ಸಲಹೆ, ಇದು ಪಥ್ಯ. ಪಥ್ಯ ಮುರಿದರೆ ತಾತನ ಕಾಲು ವ್ಯರ್ಥ, ತಾತನಿಗೆ ಅವಮಾನ. ತನಗಾಗಿ ಸುಮ್ಮನೆ ಕೂರಲು ಬಾರದ ತಾಯಿ, ತಾತನ ಕಾಲಿನ ಮರ್ಯಾದೆಗಾಗಿ ಮೂರು ದಿನ ಕುಳಿತರು. ಸಂಜೆಯೊಳಗೆ ಸುದ್ದಿ ಬೀದಿಗೆಲ್ಲ ಹರಡಿ, ಎದುರು ಮನೆಯ ಕಿಟಕಿಯೂ ಒಪ್ಪಿಕೊಂಡಿತು: "ತಾತ ಒದ್ದಿದಾರೆ, ಅವರು ಬಗ್ಗೋ ಹಾಗಿಲ್ಲ." ಬೀದಿಯಲ್ಲಿ ಬಿಂದಿಗೆ ಹೊತ್ತ ನನ್ನನ್ನು ಯಾರೂ ಏನೂ ಅನ್ನಲಿಲ್ಲ. ದಿಂಬನ್ನು ಬಿಸಿಲಿಗೆ ಹಾಕುವುದರಲ್ಲಿಯೂ ಇಂಥದೇ ಯಾವುದೋ ಉಪಾಯವಿದ್ದೀತೆಂದು ಅಂದಿನಿಂದ ನನಗೆ ಅನುಮಾನ; ದಿಂಬು ಬಿಸಿಲಲ್ಲಿರುವ ತನಕ ಕುತ್ತಿಗೆಯವನು ಬೇರೆ ಕೆಲಸಕ್ಕೆ ಹೋಗುವಂತಿಲ್ಲವಲ್ಲ.

ಮೂರು ದಿನ ಕಳೆದ ಮೇಲಿನ ಕಾಲವೇ ನಿಜವಾಗಿ ನಾಜೂಕಾದದ್ದು. ನೋವು ತಗ್ಗಿರುತ್ತದೆ, ಎಳೆ ಇನ್ನೂ ಎಳಸಾಗಿರುತ್ತದೆ. ಹಾಗೆಂದು ಅಲುಗದೆ ಇಟ್ಟರೆ ಹೊಸ ಎಳೆಗಳು ಅಡ್ಡಾದಿಡ್ಡಿ ಬೆಳೆದು ಕಲೆ ಗಟ್ಟಿಯಾಗುತ್ತದೆ. ಮಿತವಾಗಿ ಎಳೆದು ಬಿಟ್ಟರೆ ಬಲ ಬೀಳುವ ದಿಕ್ಕಿಗೆ ಸರಿಯಾಗಿ ಅವು ಸಾಲುಗಟ್ಟುತ್ತವೆ. ಬೆಳಗ್ಗೆ ಚಾಪೆಯ ಮೇಲೆ ಮಲಗಿ ಒಂದೊಂದೇ ಮೊಣಕಾಲನ್ನು ಎದೆಯತ್ತ ತಂದುಕೊಳ್ಳುವುದು, ಬೀದಿಯ ಕೊನೆಯ ತನಕ ನಡೆದುಬರುವುದು ಹೀಗೆ ಡಾಕ್ಟರು ಹೇಳಿಕೊಟ್ಟದ್ದನ್ನು ತಾಯಿ ಮಾಡತೊಡಗಿದರು. ಬೀದಿಯ ಕೊನೆಯಲ್ಲಿ ತಾತನ ಮನೆಯಿದ್ದದ್ದು ಒಳ್ಳೆಯದಾಯಿತು, ಹಾಜರಿ ಅಲ್ಲಿ ಬೀಳುತ್ತಿತ್ತು. ಮೂರನೆಯ ವಾರ ಅವರು ಬಿಂದಿಗೆ ಮುಟ್ಟಿದಾಗ ನಾವು ಮೂವರೂ ಒಪ್ಪಂದಕ್ಕೆ ಬಂದಿದ್ದೆವು: ಗುಂಡಿಯಿಂದ ಮೇಲೆತ್ತುವುದು ನಾನು, ಒಳಗೆ ಒಯ್ಯುವುದು ನನ್ನಾಕೆ, ತಾಯಿಗೆ ಅರ್ಧ ತುಂಬಿದ ಚಿಕ್ಕ ಕೊಡ. ಗುಂಡಿಯ ಬಾಯಿಗೆ ಒಂದು ಕಲ್ಲಿನ ಜಗುಲಿ ಕಟ್ಟಿಸಿ, ಬಿಂದಿಗೆಯನ್ನು ಅಲ್ಲಿಟ್ಟು ಮೈ ತಿರುಗಿಸಿಕೊಂಡು ಎತ್ತುವಂತೆ ಮಾಡಿದ್ದೇವೆ. ಗಾರೆಯವನು ಅರ್ಧ ದಿನದಲ್ಲಿ ಮುಗಿಸಿದ ಕೆಲಸ. ತಾಯಿ ಆ ಗುಂಡಿಗೆ ಬಗ್ಗಿ ಎತ್ತುತ್ತಿದ್ದದ್ದು ಇಪ್ಪತ್ತೆರಡು ವರ್ಷ.

ಮೊನ್ನೆ ಎದುರು ಮನೆಯ ಸೊಸೆ ಹಿತ್ತಿಲ ಬಾಗಿಲಿನಿಂದ ಬಂದಳು. ಮಗುವನ್ನು ಎತ್ತಿ ಎತ್ತಿ ಬಲದ ರಟ್ಟೆ ಹಿಡಿದುಕೊಂಡಿದೆ, ಒಗೆಯುವ ಬಟ್ಟೆ ಎರಡು ಬಕೀಟು ಬಾಕಿ. ತಾಯಿ ಮುಟ್ಟಿ ನೋಡಿದರು, ಕೈಯನ್ನು ಎತ್ತಿಸಿ ಇಳಿಸಿ ನೋಡಿದರು. ಅರಿಶಿನವನ್ನು ಕಲಸಿ, ಸುಣ್ಣವನ್ನು ಉಗುರಿನ ತುದಿಯಷ್ಟೇ ಹಾಕಿ, ಕೆಂಪಾದ ಮೇಲೆ ಹಚ್ಚತೊಡಗಿದರು. ನೋವಿದ್ದದ್ದು ರಟ್ಟೆಯಲ್ಲಿ, ಪಟ್ಟು ಮೊಣಕೈ ದಾಟಿ ಮುಂಗೈವರೆಗೂ ಇಳಿಯಿತು. "ಇಷ್ಟೊಂದು ಯಾಕತ್ತೆ?" ಎಂದಳು ಹುಡುಗಿ.

"ಸುಮ್ನಿರೇ" ಎಂದು ತಾಯಿ ಇನ್ನೊಂದು ಹಿಡಿ ತೆಗೆದುಕೊಂಡರು. "ನಿಮ್ಮತ್ತೆಗೆ ಕನ್ನಡಕ ಇಲ್ಲದೇನೂ ಕಾಣಬೇಕು."